ಎಟಿವಿ ಕಾರ್ಬುರೇಟರ್: ಬಿಚ್ಚುವ ಮೊದಲು ಮತ್ತು ಬಿಚ್ಚಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನಕಪುರ ರಸ್ತೆಯ ಆಚೆ ನಮ್ಮ ಭಾವನ ತೋಟದಲ್ಲಿ ಮೂರು ಎಟಿವಿಗಳಿವೆ, ಅಂದರೆ ಮಣ್ಣಿನ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಹ್ಯಾಂಡಲ್ ಗಾಡಿಗಳು. ಎರಡು 110 ಸಿಸಿಯ ಚೀನಾ ಗಾಡಿ, ಒಂದು 250 ಸಿಸಿಯ ಹಳೆಯ ಜಪಾನ್ ಗಾಡಿ. ವಾರವೆಲ್ಲ ಹನುಮಂತನಗರದಲ್ಲಿ ನನ್ನ ಪಾಡಿಗೆ ನಾನಿರುತ್ತೇನೆ. ಶನಿವಾರ ಬಂತೆಂದರೆ ತೋಟದ ಶೆಡ್‌ನಲ್ಲಿ ಸ್ಪ್ಯಾನರ್ ಹಿಡಿದು ಕೂರುತ್ತೇನೆ. ಅಕ್ಕಪಕ್ಕದ ತೋಟದವರು, ರೆಸಾರ್ಟ್‌ನಲ್ಲಿ ಗಾಡಿ ನೋಡಿಕೊಳ್ಳುವ ಹುಡುಗರು ಫೋನ್ ಮಾಡಿ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಕೇಳದೆ ಮುಂದೆ ಓಡುವವರೇ ಜಾಸ್ತಿ: ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಗಾಜಿನ ಬಾಟಲಿ ಹಿಡಿಯಿರಿ. ಯಾಕೆಂದು ಮೂರನೇ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಕಾರ್ಬುರೇಟರ್ ಒಳಗೆ ನಿಜವಾಗಿ ಏನು ನಡೆಯುತ್ತದೆ?

ಹಿಂದೆ ಮನೆಗಳಲ್ಲಿ ತಿಗಣೆ, ಸೊಳ್ಳೆಗೆ ಔಷಧಿ ಹೊಡೆಯಲು ಫ್ಲಿಟ್ ಪಂಪ್ ಇರುತ್ತಿತ್ತು, ನೆನಪಿದೆಯಾ? ಕೆಳಗೆ ಡಬ್ಬಿಯಲ್ಲಿ ಔಷಧಿ. ಅದರಿಂದ ಮೇಲೆ ಬಂದ ಸಣ್ಣ ನಳಿಕೆ. ಆ ನಳಿಕೆಯ ಬಾಯಿಗೆ ಅಡ್ಡವಾಗಿ ಗಾಳಿ ನುಗ್ಗಿಸುವ ಪಂಪ್. ಗಾಳಿ ಜೋರಾಗಿ ಹಾದುಹೋದಾಗ ನಳಿಕೆಯ ಬಾಯಲ್ಲಿ ಒತ್ತಡ ಇಳಿಯುತ್ತದೆ, ಔಷಧಿ ತಾನಾಗಿಯೇ ಮೇಲೆದ್ದು ಹನಿಹನಿಯಾಗಿ ಚಿಮ್ಮುತ್ತದೆ.

ಪೆಟ್ರೋಲ್, ಗಾಳಿ ಎರಡನ್ನೂ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್, ಅಂದರೆ ಕಾರ್ಬ್ ಕೂಡ ಇದೇ ಕಥೆ. ಇಲ್ಲಿ ಗಾಳಿ ಎಳೆಯುವುದು ಎಂಜಿನ್‌ನ ಪಿಸ್ಟನ್. ಕಾರ್ಬ್‌ನ ಗಂಟಲು ನಡುವೆ ಕಿರಿದಾಗಿದೆ, ಅದನ್ನೇ ವೆಂಚುರಿ ಅನ್ನುವುದು. ಅಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಕೆಳಗಿನ ಬೌಲ್‌ನಲ್ಲಿ ನಿಂತ ಪೆಟ್ರೋಲ್ ಮೇಲೆ ಮಾತ್ರ ಹೊರಗಿನ ಗಾಳಿಯ ಪೂರ್ತಿ ಒತ್ತಡ ಇದೆ. ಈ ವ್ಯತ್ಯಾಸವೇ ಪೆಟ್ರೋಲನ್ನು ಅಳತೆಯ ತೂತಿರುವ ಹಿತ್ತಾಳೆ ತುಂಡು, ಅಂದರೆ ಜೆಟ್‌ನ ತೂತಿನಿಂದ ಮೇಲಕ್ಕೆ ತಳ್ಳುತ್ತದೆ.

ಬೌಲ್ ಹೇಗೆ ತುಂಬುತ್ತದೆ ಅಂತ ಬೆಂಗಳೂರಿನವರಿಗೆ ವಿವರಿಸುವುದು ಇನ್ನೂ ಸುಲಭ. ಮನೆಯ ಸಂಪ್‌ಗೆ ಕಾವೇರಿ ನೀರು ಬೀಳುವ ಕಡೆ ಬಾಲ್ ವಾಲ್ವ್ ಇರುತ್ತದಲ್ಲ, ಅದೇ. ನೀರು ಏರಿದಂತೆ ಚೆಂಡು ಏರುತ್ತದೆ, ಒಂದು ಮಟ್ಟಕ್ಕೆ ಬಂದಾಗ ನೀರು ನಿಲ್ಲುತ್ತದೆ. ಕಾರ್ಬ್‌ನಲ್ಲಿ ಚೆಂಡಿನ ಬದಲು ಫ್ಲೋಟ್ ಇದೆ, ವಾಲ್ವ್ ಬದಲು ಮೊನಚು ತುದಿಯ ಒಂದು ಪುಟ್ಟ ಸೂಜಿ. ಸಂಪ್‌ನ ವಾಲ್ವ್ ಕೆಟ್ಟರೆ ನೀರು ಅಂಗಳಕ್ಕೆ ಹರಿಯುತ್ತದೆ. ಈ ಸೂಜಿ ಕೆಟ್ಟರೆ ಪೆಟ್ರೋಲ್ ಹರಿಯುತ್ತದೆ.

ಶುದ್ಧ ಪೆಟ್ರೋಲ್ ಆದರೆ 1 ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದರೆ ರಿಚ್, ಕಡಿಮೆಯಾದರೆ ಲೀನ್. ಈ ಎರಡು ಪದ ಗೊತ್ತಿದ್ದರೆ ಯಾವ ಮೆಕ್ಯಾನಿಕ್ ಜೊತೆಗೂ ಮಾತಾಡಬಹುದು.

ನನ್ನ ಗಾಡಿಯಲ್ಲಿ ಕಾರ್ಬುರೇಟರ್ ಇದೆಯಾ, ಇಲ್ಲವಾ?

ಚೋಕ್ ಲಿವರ್ ಇದ್ದರೆ ಹೆಚ್ಚಾಗಿ ಕಾರ್ಬ್ ಇದೆ. ಕೀ ತಿರುಗಿಸಿದಾಗ ಟ್ಯಾಂಕ್ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಅಂತ ಪಂಪ್ ಸದ್ದು ಬಂದರೆ ಅದು ಫ್ಯೂಯಲ್ ಇಂಜೆಕ್ಷನ್, ಈ ಪುಟ ನಿಮಗಲ್ಲ. ಈಗಿನ ದೊಡ್ಡ ಎಟಿವಿಗಳು ಬಹುತೇಕ ಇಂಜೆಕ್ಷನ್. ಮಕ್ಕಳ ಸಣ್ಣ ಗಾಡಿಗಳು, ಚೀನಾದ 110, 125 ಸಿಸಿ ಗಾಡಿಗಳು, ಹಳೆಯ 250 ಸಿಸಿಗಳು ಇನ್ನೂ ಕಾರ್ಬ್ ಮೇಲೆಯೇ ಓಡುತ್ತವೆ. ರಸ್ತೆಯ ಬೈಕ್‌ಗಳಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಕಾರ್ಬ್ ಹೆಚ್ಚುಕಮ್ಮಿ ಮಾಯವಾಯಿತು. ಹಾಗಾಗಿ ಹೊಸ ಹುಡುಗರಲ್ಲಿ ಕಾರ್ಬ್ ಬಿಚ್ಚಿ ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ. ಆರ್‌ಎಕ್ಸ್ 100 ಕಾಲದ ಮೆಕ್ಯಾನಿಕ್ ಯಾರಾದರೂ ನಿಮ್ಮ ಏರಿಯಾದಲ್ಲಿ ಇದ್ದರೆ ಅವರ ಜೊತೆ ಚೆನ್ನಾಗಿರಿ.

ಎರಡು ತಿಂಗಳು ನಿಲ್ಲಿಸಿದ್ದೆ. ಈಗ ಸ್ಟಾರ್ಟ್ ಆಗುತ್ತಿಲ್ಲ. ಕಾರ್ಬ್ ಹೋಗಿದೆಯಾ?

ಹೋಗಿರುವುದು ಕಾರ್ಬ್ ಅಲ್ಲ, ಪೆಟ್ರೋಲ್. ಹತ್ತರಲ್ಲಿ ಏಳೆಂಟು ಸಲ ಹೀಗೇ ಅನ್ನುವುದು ನನ್ನ ಅನುಭವ.

ತೋಟ ನೋಡಿಕೊಳ್ಳುವ ಹುಡುಗ ಒಂದು ದಸರಾ ರಜೆಯಲ್ಲಿ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದ. "ಅಣ್ಣ, ಕಾರ್ಬುರೇಟರ್ ಹೋಗಿದೆ. ಬರ್ತಾ ಒಂದು ಹೊಸದು ತಂದ್ಬಿಡಿ." ಹಿಂದಿನ ದಿನದಿಂದ ಕಿಕ್ ಹೊಡೆದು ಹೊಡೆದು ಸುಸ್ತಾಗಿದ್ದ. ಹೋಗಿ ಬೌಲ್‌ನ ಡ್ರೈನ್ ಸ್ಕ್ರೂ ಸಡಿಲಿಸಿ ಹಾರ್ಲಿಕ್ಸ್ ಬಾಟಲಿಗೆ ಹಿಡಿದೆ. ಬಂದದ್ದು ಕಷಾಯದ ಬಣ್ಣ. ಮೂಗಿನ ಹತ್ತಿರ ತಂದರೆ ಪೆಟ್ರೋಲ್ ವಾಸನೆಯೇ ಇಲ್ಲ, ಹಳೆಯ ವಾರ್ನಿಷ್ ವಾಸನೆ. ವಿಚಾರಿಸಿದರೆ, ಯುಗಾದಿಗೆ ಕ್ಯಾನ್‌ನಲ್ಲಿ ತಂದಿಟ್ಟ ಪೆಟ್ರೋಲನ್ನು ದಸರಾಗೆ ಹಾಕಿದ್ದಾನೆ. ಅವನ ತಪ್ಪೂ ಅಲ್ಲ ಬಿಡಿ. ಎಟಿವಿಯನ್ನು ಬಂಕ್‌ಗೆ ಓಡಿಸಿಕೊಂಡು ಹೋಗುವಂತಿಲ್ಲ, ಕ್ಯಾನ್‌ನಲ್ಲೇ ತರಬೇಕು. ತಂದದ್ದು ಉಳಿಯುತ್ತದೆ, ಉಳಿದದ್ದು ಕೆಡುತ್ತದೆ.

ಬೌಲ್‌ಗೆ ಹೊರಗಿನ ಗಾಳಿಯ ದಾರಿ ಯಾವಾಗಲೂ ತೆರೆದೇ ಇರುತ್ತದೆ. ಗಾಡಿ ನಿಂತಾಗ ಪೆಟ್ರೋಲ್‌ನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಅಂಟಾಗುತ್ತದೆ, ಆಮೇಲೆ ಒಣಗಿ ಪದರವಾಗುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಥ್ರಾಟಲ್ ಒತ್ತದೆ ಎಂಜಿನ್ ಓಡುವಾಗ, ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ನ ತೂತು ಸುಮಾರು 0.4 ಮಿಲಿಮೀಟರ್ ಅಷ್ಟೇ. ಅದು ಮುಚ್ಚಲು ಎಷ್ಟು ಅಂಟು ಬೇಕು, ನೀವೇ ಲೆಕ್ಕ ಹಾಕಿ.

ಹಾಗಾಗಿ ಮೊದಲು ಬಾಟಲಿ. ಎಂಜಿನ್ ತಣ್ಣಗಿರಲಿ, ಹತ್ತಿರ ಬೀಡಿ, ದೀಪ, ಒಲೆ ಏನೂ ಬೇಡ. ಪೆಟ್ರೋಲ್ ಕಾಕ್ ಆನ್ ಮಾಡಿ, ಬೌಲ್‌ನ ಕೆಳಗಿರುವ ಡ್ರೈನ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಬಂದದ್ದನ್ನು ಪಾರದರ್ಶಕ ಗಾಜಿನಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿ. ತಳದಲ್ಲಿ ಗುಂಡಗೆ ಜಾರಾಡುವ ಗುಳ್ಳೆಯೋ ಬೇರೆ ಪದರವೋ ಕಂಡರೆ ನೀರು ಸೇರಿದೆ. ಕಂದು ಬಣ್ಣ, ವಾರ್ನಿಷ್ ವಾಸನೆ ಇದ್ದರೆ ಹಳಸಿದೆ. ಕೆಂಪು ಹುಡಿ ಇದ್ದರೆ ತುಕ್ಕೋ ಮಣ್ಣೋ ನೋಡಿ: ಅಯಸ್ಕಾಂತಕ್ಕೆ ಅಂಟಿದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿರಬಹುದು. ಏನೂ ಬರದೇ ಇದ್ದರೆ ಪೆಟ್ರೋಲ್ ಕಾರ್ಬ್‌ವರೆಗೆ ತಲುಪಿಯೇ ಇಲ್ಲ. ಕಾಕ್, ಫಿಲ್ಟರ್, ಪೈಪ್ ನೋಡಿ. ಟ್ಯಾಂಕ್ ಮುಚ್ಚಳವನ್ನೂ ಒಮ್ಮೆ ತೆಗೆಯಿರಿ. ಉಸ್ ಅಂತ ಸದ್ದಾಗಿ ಪೆಟ್ರೋಲ್ ಇಳಿಯಲು ಶುರುವಾದರೆ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿತ್ತು ಅಂತ ಅರ್ಥ.

ತಿಳಿಯಾದ ಪೆಟ್ರೋಲ್ ಧಾರೆಯಾಗಿ ಬಂದರೆ? ಪ್ಲಗ್ ಬಿಚ್ಚಿ, ಸ್ಪಾರ್ಕ್ ನೋಡಿ. ಅದೂ ಸರಿ ಇದ್ದರೆ ಆಗ ಪೈಲಟ್ ಜೆಟ್ ಮೇಲೆ ಅನುಮಾನ.

ಅವತ್ತು ಹೊಸ ಕಾರ್ಬ್ ಬೇಕಾಗಲಿಲ್ಲ. ಟ್ಯಾಂಕ್ ಖಾಲಿ ಮಾಡಿ, ಹೊಸ ಪೆಟ್ರೋಲ್ ಹಾಕಿ, ಜೆಟ್ ತೊಳೆದೆ. ನಾಲ್ಕನೇ ಕಿಕ್‌ಗೆ ಎದ್ದಿತು.

ಇ20 ಪೆಟ್ರೋಲ್ ಕಾರ್ಬ್ ಹಾಳು ಮಾಡುತ್ತದಂತೆ, ನಿಜವಾ?

ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್.

ದಿನಾ ಓಡುವ ಗಾಡಿಯಲ್ಲಿ ನನಗೆ ದೊಡ್ಡ ತೊಂದರೆ ಕಂಡಿಲ್ಲ. ನಿಂತೇ ಇರುವ ಗಾಡಿಯ ವಿಷಯ ಬೇರೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ಆ ನೀರನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಕೂಡಿಕೊಂಡು ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಜೆಟ್ ಇರುವುದೂ ತಳದಲ್ಲೇ ಅಲ್ವಾ? ಆಷಾಢದ ಜಿಟಿಜಿಟಿ ಮಳೆಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ಶೆಡ್ ಬಾಗಿಲು ಹಾಕಿದರೆ ಇದಕ್ಕೆ ಆಹ್ವಾನ ಕೊಟ್ಟ ಹಾಗೆ.

ಇನ್ನೊಂದು ಸಂಗತಿ. ಎಥನಾಲ್‌ನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಇ20 ಉರಿಯಲು ಬೇಕಾದ ಗಾಳಿ ಕಡಿಮೆ, 14.7ರ ಬದಲು 13.5ರ ಆಸುಪಾಸು. ಹಳೆಯ ಜೆಟ್ ಅಷ್ಟೇ ಇಂಧನ ಬಿಡುವುದರಿಂದ ಮಿಶ್ರಣ ಸ್ವಲ್ಪ ಲೀನ್ ಕಡೆಗೆ ಹೋಗುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇದೆ, ಸರಿಮಾಡಿಕೊಳ್ಳುತ್ತದೆ. ಕಾರ್ಬ್‌ಗೆ ಅದು ಗೊತ್ತಾಗುವುದಿಲ್ಲ. ನಮ್ಮ 250 ಸಿಸಿ ಗಾಡಿಯಲ್ಲಿ ಥ್ರಾಟಲ್ ಜೊತೆ ಏರಿಳಿಯುವ ಉದ್ದ ಸೂಜಿಯ, ಅಂದರೆ ನೀಡಲ್‌ನ, ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿದ ಮೇಲೆ ನಡುವಿನ ತಡವರಿಕೆ ಹೋಯಿತು. ಜೊತೆಗೆ, ಹಳೆಯ ರಬ್ಬರ್ ಓ-ರಿಂಗ್‌ಗಳು ಎಥನಾಲ್‌ಗೆ ಉಬ್ಬುತ್ತವೆ, ಆಮೇಲೆ ಗಡುಸಾಗಿ ಬಿರುಕು ಬಿಡುತ್ತವೆ. ಬಿಚ್ಚಿದಾಗೆಲ್ಲ ಹೊಸದು ಹಾಕಿ.

ಹಾಗಾದರೆ ನಿಲ್ಲಿಸುವ ಮೊದಲು ಏನು ಮಾಡಬೇಕು?

ಎರಡು ವಾರಕ್ಕಿಂತ ಜಾಸ್ತಿ ನಿಲ್ಲುತ್ತದೆ ಅನಿಸಿದರೆ ಕಾಕ್ ಆಫ್ ಮಾಡಿ, ಬೌಲ್ ಖಾಲಿ ಮಾಡಿ. ಎರಡು ನಿಮಿಷದ ಕೆಲಸ. ಕೆಲವರು ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತಾರೆ. ಅದೂ ಆಗಬಹುದು, ಆದರೆ ತಳದಲ್ಲಿ ಸ್ವಲ್ಪ ಉಳಿಯುತ್ತದೆ. ಡ್ರೈನ್ ಸ್ಕ್ರೂ ನನಗೆ ಇಷ್ಟ. ಕ್ಯಾನ್ ಮೇಲೆ ತಂದ ತಾರೀಖು ಬರೆದಿಡಿ. ತಿಂಗಳು ದಾಟಿದರೆ ಅದನ್ನು ದಿನಾ ಓಡುವ ಬೈಕ್‌ಗೆ ಸುರಿದು ಖರ್ಚು ಮಾಡಿ.

ಸ್ಟಾರ್ಟ್ ಆಗುತ್ತದೆ, ಆದರೆ ಸರಿಯಾಗಿ ಓಡುವುದಿಲ್ಲ. ಯಾವ ಭಾಗದ ತಪ್ಪು?

ಯಾವಾಗ ಮಿಸ್ಸಿಂಗ್ ಹೊಡೆಯುತ್ತದೆ ಅನ್ನುವುದೇ ಉತ್ತರ. ಎಷ್ಟು ಸ್ಪೀಡ್ ಅಂತಲ್ಲ, ಥ್ರಾಟಲ್ ಎಷ್ಟು ತೆರೆದಿದೆ ಅಂತ ನೋಡಬೇಕು. ಥ್ರಾಟಲ್ ಹೌಸಿಂಗ್ ಮೇಲೆ ಒಂದು ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗೆರೆ ಎಳೆದುಕೊಳ್ಳಿ.

ಐಡ್ಲಿಂಗ್‌ನಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಮಿಕ್ಸ್‌ಚರ್ ಸ್ಕ್ರೂ ಆಳ್ವಿಕೆ. ಅಲ್ಲಿಂದ ಕಾಲು ಭಾಗದವರೆಗೆ, ಥ್ರಾಟಲ್ ಒತ್ತಿದಾಗ ಗಂಟಲಿನಲ್ಲಿ ಮೇಲೇಳುವ ತುಂಡು, ಅಂದರೆ ಸ್ಲೈಡ್‌ನ ಕೆಳಗಿನ ಕಟ್. ಕಾಲಿನಿಂದ ಮುಕ್ಕಾಲರವರೆಗೆ ನೀಡಲ್. ಅದರಾಚೆ ಮೇನ್ ಜೆಟ್. ಗಡಿಗಳು ಗೆರೆ ಹಾಕಿದ ಹಾಗೆ ಇರುವುದಿಲ್ಲ, ಒಂದರ ಮೇಲೊಂದು ಬೀಳುತ್ತವೆ. ಚೋಕ್ ಹಾಕಿದರೆ ಮಾತ್ರ ನಿಲ್ಲುತ್ತದೆ, ತೆಗೆದರೆ ಆಫ್ ಆಗುತ್ತದೆ ಅಂದರೆ ಪೈಲಟ್ ಜೆಟ್ ಕಟ್ಟಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಚೆನ್ನಾಗಿ ಓಡಿ, ಪೂರ್ತಿ ಥ್ರಾಟಲ್‌ನಲ್ಲಿ ಮುಕ್ಕರಿಸಿದರೆ ಮೇನ್ ಜೆಟ್ ಅಥವಾ ಪೆಟ್ರೋಲ್ ಸಾಕಷ್ಟು ಇಳಿಯುತ್ತಿಲ್ಲ.

ಪ್ಲಗ್ ಕೂಡ ಸಾಕ್ಷಿ ಹೇಳುತ್ತದೆ. ತುದಿ ಒಣ ಮಸಿ ಹಿಡಿದಿದ್ದರೆ ರಿಚ್. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್. ತಿಳಿ ಕಂದು ಇದ್ದರೆ ನೆಮ್ಮದಿ.

ಒಂದು ಎಚ್ಚರಿಕೆ. "ಪಿಕಪ್ ಇಲ್ಲ" ಅಂದವರೆಲ್ಲ ಕಾರ್ಬ್ ಬಿಚ್ಚುತ್ತಾರೆ. ಎಂಜಿನ್ ಸದ್ದು ಏರುತ್ತದೆ, ಗಾಡಿ ಎಳೆಯುವುದಿಲ್ಲ ಅಂದರೆ ಅದು ಕ್ಲಚ್ ಅಥವಾ ಬೆಲ್ಟ್. ಚೀನಾದ 110 ಸಿಸಿ ಎಂಜಿನ್‌ಗಳಲ್ಲಿ ವಾಲ್ವ್ ಗ್ಯಾಪ್ ಬಿಗಿಯಾದರೂ ಬೆಳಿಗ್ಗೆ ಸ್ಟಾರ್ಟ್ ಕಷ್ಟ, ಐಡ್ಲಿಂಗ್ ನಿಲ್ಲುವುದಿಲ್ಲ. ಪಾಪ, ಬೈಗುಳ ಕಾರ್ಬ್‌ಗೆ.

ಮನೆಯಲ್ಲೇ ಬಿಚ್ಚಿ ತೊಳೆಯುವುದು ಹೇಗೆ?

ಸಿಮೆಂಟ್ ನೆಲದ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಅದರ ಮೇಲೆ ಸ್ಟೀಲ್ ತಟ್ಟೆ ಇಡಿ. ಪಂಚೆ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಗಾಳಿಯಾಡುವ ಜಾಗ ಇರಲಿ. ಬಿಚ್ಚುವ ಪ್ರತಿ ಹಂತದಲ್ಲೂ ಫೋನ್‌ನಲ್ಲಿ ಫೋಟೋ ತೆಗೆಯಿರಿ, ಮುಖ್ಯವಾಗಿ ಯಾವ ಪೈಪ್ ಎಲ್ಲಿತ್ತು ಅಂತ.

ಕಾಕ್ ಮುಚ್ಚಿ, ಬೌಲ್ ಖಾಲಿ ಮಾಡಿ, ಕ್ಲಾಂಪ್ ಸಡಿಲಿಸಿ ಕಾರ್ಬ್ ಹೊರತೆಗೆಯಿರಿ. ಮೇಲಿನ ಮುಚ್ಚಳ ತಿರುಗಿಸಿದರೆ ಕೇಬಲ್ ಜೊತೆಗೇ ಸ್ಲೈಡ್, ನೀಡಲ್ ಬರುತ್ತವೆ. ನೀಡಲ್ ಬಾಗಿದರೆ ಕೆಲಸ ಕೆಟ್ಟಿತು, ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಇಡಿ. ಬೌಲ್‌ನ ಸ್ಕ್ರೂಗಳ ವಿಷಯದಲ್ಲಿ ಅವಸರ ಬೇಡ. ಜಪಾನ್ ಕಾರ್ಬ್‌ಗಳ ಸ್ಕ್ರೂ ತಲೆ ನೋಡಲು ಸ್ಟಾರ್ ಥರ ಇದ್ದರೂ ಅದು ಜೆಐಎಸ್ ಅನ್ನುವ ಜಪಾನಿನ ಅಳತೆ. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ಜಾರಿ ತಲೆ ಸವೆದುಹೋಗುತ್ತದೆ. ಸ್ಕ್ರೂ ತಲೆ ಪಕ್ಕ ಒಂದು ಪುಟ್ಟ ಚುಕ್ಕೆ ಇದ್ದರೆ ಅದು ಜೆಐಎಸ್. ಆ ಅಳತೆಯ ಒಂದು ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ, ಜನ್ಮವಿಡೀ ಬರುತ್ತದೆ.

ಬೌಲ್ ತೆಗೆದರೆ ಫ್ಲೋಟ್ ಕಾಣುತ್ತದೆ. ಅದರ ಪಿನ್ನನ್ನು ಬೆರಳಿನಲ್ಲೋ ತೆಳು ಮೊಳೆಯಿಂದಲೋ ಮೆಲ್ಲಗೆ ತಳ್ಳಿ. ಸುತ್ತಿಗೆ ಮುಟ್ಟಿಸಬೇಡಿ, ಪಿನ್ ಹಿಡಿದಿರುವ ಎರಡು ಕಂಬ ಮುರಿದರೆ ಕಾರ್ಬ್ ಗುಜರಿಗೆ. ಫ್ಲೋಟ್ ಸೂಜಿಯ ತುದಿಯನ್ನು ಉಗುರಿನಿಂದ ಸವರಿ. ಸುತ್ತಲೂ ಕಚ್ಚಿನಂತೆ ಉಗುರಿಗೆ ಸಿಕ್ಕಿದರೆ ಬದಲಾಯಿಸಿ.

ಆಮೇಲೆ ಮೇನ್ ಜೆಟ್, ಅದರ ಹಿಂದಿನ ತೂತು ತೂತಿನ ನಳಿಕೆ, ಪೈಲಟ್ ಜೆಟ್. ಪೈಲಟ್ ಜೆಟ್ ಒಂದು ಕಿರು ಬಾವಿಯ ತಳದಲ್ಲಿ ಕೂತಿರುತ್ತದೆ. ಹಿತ್ತಾಳೆ ಮೆತ್ತಗೆ, ಸೀಳಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್ ಬೇಕು. ಹೊರಬಂದ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಆಕಾಶಕ್ಕೆ ಎತ್ತಿ ನೋಡಿ. ಸಾಸಿವೆಗಿಂತ ಎಷ್ಟೋ ಸಣ್ಣದಾದ ಬೆಳಕಿನ ಚುಕ್ಕೆ ಕಾಣಬೇಕು, ಹುಣ್ಣಿಮೆ ಚಂದ್ರನಂತೆ ಪೂರ್ತಿ ಗುಂಡಗೆ. ಬಿದಿಗೆ ಚಂದ್ರ ಕಂಡರೆ ಒಳಗೆ ಅಂಟಿದೆ. ಏನೂ ಕಾಣದಿದ್ದರೆ ನಿಮ್ಮ ಗಾಡಿ ಯಾಕೆ ಸ್ಟಾರ್ಟ್ ಆಗಲಿಲ್ಲ ಅಂತ ಗೊತ್ತಾಯಿತು.

ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ. ಒಂದು ತೂತಿಗೆ ಹೊಡೆದದ್ದು ಇನ್ನೆಲ್ಲಿಂದಲೋ ನೇರ ಕಣ್ಣಿಗೇ ಬರುತ್ತದೆ. ಇದೇ ನೋಡಬೇಕಾದ ಪರೀಕ್ಷೆ ಕೂಡ: ಪೈಲಟ್ ಜೆಟ್‌ನ ಬಾವಿಗೆ ಹೊಡೆದರೆ ಗಂಟಲಿನ ಎಂಜಿನ್ ಕಡೆಯ ಸಣ್ಣ ತೂತಿನಿಂದ ಚಿಮ್ಮಬೇಕು. ಚಿಮ್ಮದಿದ್ದರೆ ಜೆಟ್ ಎಷ್ಟೇ ಹೊಳೆಯಲಿ, ಒಳದಾರಿ ಇನ್ನೂ ಮುಚ್ಚಿದೆ. ಸ್ಲೈಡನ್ನು ಕೇಬಲ್ ಬದಲು ಎಂಜಿನ್ ಎಳೆತವೇ ಎತ್ತುವ ಸಿವಿ ಕಾರ್ಬ್ ಆಗಿದ್ದರೆ ಮೇಲಿನ ರಬ್ಬರ್ ಡಯಾಫ್ರಾಮ್‌ಗೆ ಸ್ಪ್ರೇ ತಾಗಿಸಬೇಡಿ. ಬೆಳಕಿಗೆ ಹಿಡಿದು ಸೂಜಿ ಮೊನೆಯಷ್ಟು ತೂತಿದೆಯಾ ನೋಡಿ, ಸಾಕು. ಪಂಕ್ಚರ್ ಅಂಗಡಿಯಲ್ಲಿ ಹವಾ ಹೊಡೆಸಿಕೊಳ್ಳುವುದಾದರೆ ಫ್ಲೋಟ್ ತೆಗೆದಿಟ್ಟು ಹೋಗಿ. ಟೊಳ್ಳು ಫ್ಲೋಟ್ ಆ ಒತ್ತಡಕ್ಕೆ ಅಪ್ಪಚ್ಚಿಯಾಗಬಹುದು.

ಈಗ ಪಂಚೆ. ನೀಡಲ್ ಮೇಲೆ ಅಕ್ಕಿಕಾಳಿನಷ್ಟು ಅಗಲದ ಒಂದು ಕ್ಲಿಪ್ ಇರುತ್ತದೆ. ಮೊದಲ ಸಲ ಅದನ್ನು ಬಿಡಿಸಿದಾಗ ಟಿಂಗ್ ಅಂತ ಹಾರಿತು. ಶೆಡ್ ಪಕ್ಕ ಮಾವಿನ ಮರ, ಕೆಳಗೆಲ್ಲ ತರಗೆಲೆ. ಟಾರ್ಚ್ ಹಿಡಿದು ರಾತ್ರಿ ಎಂಟರವರೆಗೆ ಹುಡುಕಿದೆ. ಮರುದಿನ ಬೆಳಿಗ್ಗೆ ಅಕ್ಕ ಗುಡಿಸಿದ ಕಸದಲ್ಲಿ ಸಿಕ್ಕಿತು. ಅವತ್ತಿನಿಂದ ಪಂಚೆ.

ಜೆಟ್ ತೂತಿಗೆ ಪಿನ್ ಹಾಕಬಹುದಾ?

ಬೇಡ. ಸೇಫ್ಟಿ ಪಿನ್ ಉಕ್ಕು, ಜೆಟ್ ಹಿತ್ತಾಳೆ. ಒಮ್ಮೆ ಕೆರೆದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ. ಮನೆಯ ಫ್ಲೆಕ್ಸಿಬಲ್ ವೈರ್ ತುಂಡು ಸುಲಿದು ಅದರಲ್ಲಿನ ತಾಮ್ರದ ಒಂದೇ ಎಳೆ ತೆಗೆದುಕೊಳ್ಳಿ. ಸುಮಾರು 0.2 ಮಿಲಿಮೀಟರ್ ದಪ್ಪ, ಮೆತ್ತಗೆ, ಆರಾಮಾಗಿ ಒಳಹೋಗುತ್ತದೆ. ಮೊದಲು ಅರ್ಧ ಗಂಟೆ ಕ್ಲೀನರ್‌ನಲ್ಲಿ ನೆನೆಸಿಡಿ. ಒಂದು ಸಲ ಗ್ಯಾರೇಜ್ ಒಂದಕ್ಕೆ ಕೊಟ್ಟಿದ್ದೆ. ಡ್ರಿಲ್ ಬಿಟ್ ತೂರಿಸಿ ಕ್ಲೀನ್ ಮಾಡಿ ಕೊಟ್ಟರು. ಆ ಗಾಡಿ ಆಮೇಲೆ ಕುಡಿದ ಪೆಟ್ರೋಲ್ ದುಡ್ಡಲ್ಲಿ ಎರಡು ಕಾರ್ಬ್ ಬರುತ್ತಿತ್ತು.

ಮಿಕ್ಸ್‌ಚರ್ ಸ್ಕ್ರೂ ಯಾವ ಕಡೆ ತಿರುಗಿಸಬೇಕು?

ಸ್ಕ್ರೂ ಎಲ್ಲಿದೆ ನೋಡಿ. ಸ್ಲೈಡ್‌ನಿಂದ ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ಸ್ಕ್ರೂ, ಹೊರಗೆ ತಿರುಗಿಸಿದರೆ ರಿಚ್. ಏರ್ ಫಿಲ್ಟರ್ ಕಡೆಗಿದ್ದರೆ ಅದು ಏರ್ ಸ್ಕ್ರೂ, ಒಳಗೆ ತಿರುಗಿಸಿದರೆ ರಿಚ್. ಇದು ಗೊತ್ತಿಲ್ಲದೆ ಉಲ್ಟಾ ತಿರುಗಿಸಿ ಕೂತವರು ಬಹಳ.

ಮೊದಲು ಈಗ ಎಷ್ಟು ಸುತ್ತಿನಲ್ಲಿದೆ ಅಂತ ಎಣಿಸಿ ಬರೆದಿಡಿ. ಮೆಲ್ಲಗೆ ಒಳಗೆ ತಾಗುವವರೆಗೆ ಹೋಗಿ, ಬಿಗಿಯಬೇಡಿ, ಮೊನೆ ಹಾಳಾಗುತ್ತದೆ. ಅಲ್ಲಿಂದ ಒಂದೂವರೆಯಿಂದ ಎರಡೂವರೆ ಸುತ್ತಿನ ನಡುವೆ ಹೆಚ್ಚಿನ ಗಾಡಿಗಳು ನಿಲ್ಲುತ್ತವೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಕಾಲು ಸುತ್ತು ತಿರುಗಿಸಿ, ಹತ್ತು ಸೆಕೆಂಡ್ ಕಾದು ಕೇಳಿ. ಎಂಜಿನ್ ಸದ್ದು ಅತಿ ಹೆಚ್ಚು ಮತ್ತು ನಯವಾಗಿರುವ ಜಾಗದಲ್ಲಿ ಬಿಟ್ಟು, ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಆರ್‌ಪಿಎಂ ಇಳಿಸಿ.

ಎಷ್ಟು ತಿರುಗಿಸಿದರೂ ವ್ಯತ್ಯಾಸವೇ ಇಲ್ಲದಿದ್ದರೆ ಪೈಲಟ್ ದಾರಿ ಮುಚ್ಚಿದೆ. ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಮೇಲೇ ನೇತಾಡುತ್ತಿದ್ದರೆ ಕಾರ್ಬ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದು. ಅಲ್ಲಿಗೆ ಸೋಪಿನ ನೀರು ಚಿಮುಕಿಸಿ. ಸದ್ದು ಬದಲಾದರೆ ಸಿಕ್ಕಿಬಿತ್ತು.

ಕೆಳಗಿನ ಪೈಪ್‌ನಿಂದ ಪೆಟ್ರೋಲ್ ಸೋರುತ್ತಿದೆ. ಓಡಿಸಬಹುದಾ?

ಓಡಿಸಬೇಡಿ. ಕಾಕ್ ಮುಚ್ಚಿ. ಫ್ಲೋಟ್ ಸೂಜಿಯ ಕೆಳಗೆ ಕಸ ಸಿಕ್ಕಿದೆ, ಅಥವಾ ಸೂಜಿ ಸವೆದಿದೆ, ಅಥವಾ ಫ್ಲೋಟ್ ತೂತಾಗಿ ಪೆಟ್ರೋಲ್ ತುಂಬಿದೆ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲ್‌ಗೆ ಮೆಲ್ಲಗೆ ಎರಡು ಏಟು ಕೊಟ್ಟರೆ ಕೆಲವೊಮ್ಮೆ ಕಸ ಜಾರಿ ಸೋರುವುದು ನಿಲ್ಲುತ್ತದೆ. ಅದು ಅವತ್ತಿನ ಮಟ್ಟಿಗೆ.

ಬೆಂಕಿಯ ಭಯ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಪೆಟ್ರೋಲ್ ಎಂಜಿನ್ ಒಳಗೂ ಇಳಿದು ಆಯಿಲ್ ಜೊತೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಮಟ್ಟ ಏರಿದ್ದರೆ, ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ.

ಬೆಂಗಳೂರಿನ ಎತ್ತರಕ್ಕೆ ಜೆಟ್ ಬದಲಿಸಬೇಕಾ? ಚಿಕ್ಕಮಗಳೂರಿಗೆ ತೆಗೆದುಕೊಂಡು ಹೋದರೆ?

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಹತ್ತನೇ ಒಂದು ಭಾಗದಷ್ಟು ತೆಳು. ಗಾಳಿ ತೆಳುವಾದಷ್ಟೂ ಮಿಶ್ರಣ ರಿಚ್ ಆಗುತ್ತದೆ. ಇಷ್ಟಕ್ಕೆ ಹೆಚ್ಚಿನ ಗಾಡಿಗಳು ದೂರುವುದಿಲ್ಲ, ಸ್ಕ್ರೂನಲ್ಲೇ ಸರಿಹೋಗುತ್ತದೆ. ಮುಳ್ಳಯ್ಯನಗಿರಿ ಕಡೆ ಎಸ್ಟೇಟ್‌ನಲ್ಲಿ ಓಡಿಸುವವರಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಆ ಶಿಖರ ಸುಮಾರು 1,930 ಮೀಟರ್. ಅಂಥ ಎತ್ತರದಲ್ಲಿ ಹೊಗೆ ಕಪ್ಪಗಾಗಿ ಎಂಜಿನ್ ಮಂಕಾದರೆ ಮೇನ್ ಜೆಟ್ ಒಂದೆರಡು ನಂಬರ್ ಚಿಕ್ಕದು ಹಾಕಬಹುದು.

ಇಳಿದು ಬಂದ ಮೇಲೆ ಹಳೆಯ ಜೆಟ್ ವಾಪಸ್ ಹಾಕಲು ಮರೆಯಬೇಡಿ. ರಿಚ್ ಆದರೆ ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲ್ ದಂಡ. ಲೀನ್ ಆಗಿ ಓಡಿಸಿದರೆ ಎಂಜಿನ್ ಕಾದು ಪಿಸ್ಟನ್ನೇ ಹೋಗಬಹುದು.

ಅಂದಹಾಗೆ, ಜೆಟ್ ನಂಬರ್ ಎಲ್ಲ ಕಂಪನಿಗೂ ಒಂದೇ ಅಲ್ಲ. ಕೇಹಿನ್‌ನ ನಂಬರ್ ಹೆಚ್ಚುಕಮ್ಮಿ ತೂತಿನ ಅಳತೆ, ಮಿಕುನಿಯ ಹೆಕ್ಸ್ ಜೆಟ್‌ನದು ಹರಿವಿನ ಲೆಕ್ಕ. ಒಂದರ 100, ಇನ್ನೊಂದರ 100 ಅಲ್ಲ.

ಚೋಕ್ ಯಾವಾಗ ಬೇಕು?

ಡಿಸೆಂಬರ್, ಜನವರಿಯ ಬೆಳಿಗ್ಗೆ ಬೇಕು. ಏಪ್ರಿಲ್ ಮಧ್ಯಾಹ್ನ ಬೇಡ. ಎಂಜಿನ್ ಬೆಚ್ಚಗಾದ ಮೇಲೂ ಅರ್ಧ ಚೋಕ್‌ನಲ್ಲಿ ಓಡಿಸುವುದು ರೆಸಾರ್ಟ್ ಗಾಡಿಗಳ ದೊಡ್ಡ ಕಾಯಿಲೆ.

ಏರ್ ಫಿಲ್ಟರ್‌ಗೂ ಕಾರ್ಬ್‌ಗೂ ಏನು ಸಂಬಂಧ?

ನಮ್ಮ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಹಿಟ್ಟಿನಂತೆ ಏಳುತ್ತದೆ. ಹಿಂದೆ ಬರುವ ಗಾಡಿ ಅದನ್ನೆಲ್ಲ ನುಂಗುತ್ತದೆ. ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆ, ಮಿಶ್ರಣ ರಿಚ್. ಆಗ ಸ್ಕ್ರೂ ತಿರುಗಿಸಿ ಲೀನ್ ಮಾಡುತ್ತಾರೆ. ಮುಂದಿನ ವಾರ ಫಿಲ್ಟರ್ ತೊಳೆದಾಗ ಗಾಡಿ ಲೀನ್ ಆಗಿ ಹುಚ್ಚೆದ್ದು ಬಿಸಿಯಾಗುತ್ತದೆ. ಫೋಮ್ ಫಿಲ್ಟರನ್ನು ಸೋಪು ನೀರಿನಲ್ಲಿ ಹಿಂಡಿ, ತಿರುಚದೆ ನೆರಳಲ್ಲಿ ಒಣಗಿಸಿ, ಫಿಲ್ಟರ್ ಆಯಿಲ್ ಸವರಿ ಹಾಕಿ. ಪೆಟ್ರೋಲ್‌ನಲ್ಲಿ ತೊಳೆದರೆ ಅಂಟು ಬಿಡುತ್ತದೆ. ಫಿಲ್ಟರ್ ತೆಗೆದು "ಫ್ರೀ ಆಗಿ ಓಡುತ್ತೆ" ಅನ್ನುವವರ ಮಾತು ಕೇಳಬೇಡಿ. ಮಣ್ಣು ಪಿಸ್ಟನ್ ಮೇಲೆ ಉಪ್ಪುಕಾಗದದ ಕೆಲಸ ಮಾಡುತ್ತದೆ.

ರಿಪೇರಿ ಕಿಟ್ ಹಾಕಲಾ, ಹೊಸದೇ ತರಲಾ?

ಚೀನಾ ಗಾಡಿಗೆ ಹೊಸ ಕಾರ್ಬೇ ಅಗ್ಗ. ಸಾಮಾನ್ಯವಾಗಿ 110 ಸಿಸಿಗೆ ಪಿಝಡ್19, 125 ಸಿಸಿಗೆ ಪಿಝಡ್22 ಬರುತ್ತದೆ. ಜಪಾನ್ ಕಾರ್ಬ್ ಆದರೆ ಕಿಟ್ ಹಾಕಿ ಉಳಿಸಿಕೊಳ್ಳಿ, ಆದರೆ ಮೂಲ ಜೆಟ್‌ಗಳು ಚೆನ್ನಾಗಿದ್ದರೆ ಕಿಟ್‌ನಲ್ಲಿ ಬಂದ ಜೆಟ್ ಬಿಟ್ಟು ಓ-ರಿಂಗ್, ಪ್ಯಾಕಿಂಗ್, ಸೂಜಿ ಮಾತ್ರ ಬಳಸಿ.

ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹೋಗುವಾಗ ಹಳೆಯ ಕಾರ್ಬನ್ನು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಬೋಲ್ಟ್ ತೂತಿನ ಅಂತರ, ಚೋಕ್ ಲಿವರ್ ಯಾವ ಕಡೆ, ಕೇಬಲ್ ಯಾವ ಕಡೆ, ಎದುರುಬದುರು ಇಟ್ಟು ನೋಡಿ. ಹಳೆಯ ಜಪಾನ್ ಸಾಮಾನಿಗೆ ಶಿವಾಜಿನಗರದ ಗುಜರಿ ಒಂದು ಸುತ್ತು ಹಾಕಿ. ಆರ್‌ಎಕ್ಸ್ 100 ಕಾರ್ಬ್ ಹಾಕಲಾ ಅಂತ ವಾರಕ್ಕೊಬ್ಬರು ಕೇಳುತ್ತಾರೆ. ಅದು ಟು-ಸ್ಟ್ರೋಕ್ ಎಂಜಿನ್‌ಗೆ ಹೊಂದಿಸಿದ್ದು. ಪ್ರೀತಿ ಬೇರೆ, ಜೆಟ್ಟಿಂಗ್ ಬೇರೆ.

ವಾಪಸ್ ಕೂರಿಸಿದ ಮೇಲೆ ಮೊದಲು ಏನು ನೋಡಬೇಕು?

ಸ್ಟಾರ್ಟ್ ಮಾಡಬೇಡಿ. ಸ್ಲೈಡ್‌ನ ಪಕ್ಕದಲ್ಲಿ ಒಂದು ಉದ್ದ ಸೀಳಿದೆ, ಅದು ಕಾರ್ಬ್ ಒಳಗಿನ ಮೊಳೆಯ ಮೇಲೆ ಸರಿಯಾಗಿ ಕೂರಬೇಕು. ತಪ್ಪಿ ಕೂತರೆ ಥ್ರಾಟಲ್ ತೆರೆದೇ ನಿಲ್ಲಬಹುದು. ಎಂಜಿನ್ ಆಫ್ ಇರುವಾಗಲೇ ಥ್ರಾಟಲ್ ಪೂರ್ತಿ ಒತ್ತಿ ಬಿಡಿ. ಟಕ್ ಅಂತ ಸದ್ದಾಗಿ ಹಿಂದೆ ಬರಬೇಕು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿ ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ, ಇದೇ ಪರೀಕ್ಷೆ. ಆಮೇಲೆ ಕಾಕ್ ಆನ್ ಮಾಡಿ ಐದು ನಿಮಿಷ ಸುಮ್ನೆ ಕೂತು ಸೋರುತ್ತದೆಯಾ ನೋಡಿ. ಕಿಲ್ ಸ್ವಿಚ್ ಮೇಲೆ ಹೆಬ್ಬೆರಳಿಟ್ಟುಕೊಂಡು, ಗಾಡಿ ನ್ಯೂಟ್ರಲ್‌ನಲ್ಲಿ, ಬ್ರೇಕ್ ಹಿಡಿದು ಮೊದಲ ಸ್ಟಾರ್ಟ್. ಟೆಸ್ಟ್ ರೈಡ್ ತೋಟದ ಒಳಗೇ. ಮಕ್ಕಳನ್ನು ಹತ್ತಿಸುವುದು ನೀವು ನಾಲ್ಕು ಸುತ್ತು ಹೊಡೆದ ಮೇಲೆ.